ಶನಿವಾರ ಬೆಳಗಿನ ಊರು

ಹೋದ ತಿಂಗಳು ಎಡ್ಮಂಡ್ಸ್‌ನಲ್ಲಿ ಫೆರಿಗಾಗಿ ಕಾರುಗಳ ಸಾಲಿನಲ್ಲಿ ಕಾಯುತ್ತಿದ್ದೆವು. ಕಡಲಿನ ನೀರು ಇಳಿದ ಹೊತ್ತು. ಕಿಟಕಿ ಇಳಿಸಿದ್ದೇ ತಡ, ದಡದಲ್ಲಿ ಕೊಳೆಯುತ್ತಿದ್ದ ಪಾಚಿಯ ವಾಸನೆಯೂ ಮೂಲೆ ಅಂಗಡಿಯಲ್ಲಿ ಮೀನು ಕರಿಯುವ ಎಣ್ಣೆಯ ವಾಸನೆಯೂ ಒಟ್ಟಿಗೆ ಒಳಗೆ ನುಗ್ಗಿದವು. ಪಕ್ಕದಲ್ಲಿದ್ದ ನಮ್ಮ ಯಜಮಾನರು, "ಆಹಾ, ಎಷ್ಟು ಚೆನ್ನಾಗಿದೆ ಗಾಳಿ!" ಎಂದರು. ನಾನು ಪಟ್ಟನೆ ಕಿಟಕಿ ಏರಿಸಿಬಿಟ್ಟೆ. "ಯಾಕೇ, ಏನಾಯ್ತು?" ಎಂದು ಕೇಳಿದರು. ತಲೆನೋವು ಎಂದೆ. ಪಾಪ, ಅವರು ನಂಬಿದರು.

ನನಗೆ ಆ ವಾಸನೆ ಬಂದರೆ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಒಂದು ಸಣ್ಣ ಊರು ನೆನಪಾಗುತ್ತದೆ. ನಾನು ಆ ಊರಿಗೆ ಹೋದವಳಲ್ಲ, ಇನ್ನು ಹೋಗುವವಳೂ ಅಲ್ಲ. ಆದರೆ ಅದರ ಬಂದರು ಗೊತ್ತು, ಬೀದಿ ಗೊತ್ತು, ಯಾವ ತಿರುವಿನಲ್ಲಿ ಐಸ್‌ಕ್ರೀಮಿನ ಅಂಗಡಿ ಇದೆ ಅನ್ನುವುದೂ ಗೊತ್ತು. ನಾವು ದೇಶ ಬಿಟ್ಟು ಬಂದು ನೆಲೆಸಿದ ಬಾಥೆಲ್‌ನಲ್ಲಿ, ನನ್ನ ಗೆಳತಿ ವತ್ಸಲಾಳ ಊಟದ ಮೇಜಿನ ಮೇಲೆ, ತೊಗರಿಬೇಳೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ, ಒಂದು ಇಡೀ ಚಳಿಗಾಲ ಆ ಊರನ್ನು ನೋಡಿದ್ದೇನೆ.

ವತ್ಸಲಾ ನಮ್ಮ ಬೀದಿಯವಳೇ. ನಮ್ಮ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರ. ಇಬ್ಬರೂ ಮೈಸೂರಿನಲ್ಲಿ ಓದಿದವರಾದರೂ ಅಲ್ಲಿ ಮುಖ ನೋಡಿದವರಲ್ಲ. ಇಲ್ಲಿನ ದೇವಸ್ಥಾನದ ಅಡುಗೆಮನೆಯಲ್ಲಿ ಪುಳಿಯೋಗರೆ ಕಲಸುವಾಗ ಜಗಳವಾಡಿ ಪರಿಚಯವಾದವರು. ಹುಣಸೆಹಣ್ಣು ಹೆಚ್ಚಾಯಿತು ಎಂದಳು, ಕಡಿಮೆಯಾಯಿತು ಎಂದೆ. ಅವತ್ತಿನಿಂದ ಬಿಡಿಸಲಾಗದ ಸ್ನೇಹ. ಅವಳ ಗಂಡ ಪ್ರಕಾಶ್ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಮಾತು ಕಮ್ಮಿ, ನಿಷ್ಠೆ ಜಾಸ್ತಿ. ಒಬ್ಬಳೇ ಮಗಳು ಅನಘಾ, ಆ ಸ್ಕಾಟ್ಲೆಂಡಿನ ಊರಿನಲ್ಲಿ ಕಡಲಹಕ್ಕಿಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಇಲ್ಲೇ ಬೆಳೆದ ಹುಡುಗಿಯಾದರೂ ಅವಳ ಕನ್ನಡ ನೆಟ್ಟಗಿತ್ತು, ಯಾಕೆಂದರೆ ಮನೆಯಲ್ಲಿ ಇಂಗ್ಲಿಷ್ ಆಡಿದರೆ ವತ್ಸಲಾ ತಟ್ಟೆಗೆ ಎರಡನೇ ಸಲ ಅನ್ನ ಹಾಕುತ್ತಿರಲಿಲ್ಲ.

ಆ ವರ್ಷ ಅಕ್ಟೋಬರಿನಲ್ಲಿ, ಮಳೆ ಹಿಡಿಯುವ ಹೊತ್ತಿಗೆ, ವತ್ಸಲಾಳಿಗೆ ಪ್ಯಾಂಕ್ರಿಯಾಸ್‌ನಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ನಾನು ಬಾಥೆಲ್‌ನ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಡಾಕ್ಟರ್ ಹೇಳಿದ್ದನ್ನು ಪ್ರಕಾಶ್ ನನಗೆ ವರದಿ ಮಾಡಿದರು. ಆ ಕಾಯಿಲೆಗೆ ಏನು ಮಾಡಬಹುದು, ಏನು ಮಾಡಲಾಗದು ಎಂದು ನನಗೆ ಗೊತ್ತಿತ್ತು. ವತ್ಸಲಾ ಮಾತ್ರ ಸೋಫಾದ ಮೇಲೆ ಕಾಲು ಮಡಚಿ ಕೂತು, ಆಸ್ಪತ್ರೆಯ ವಿಷಯ ಮುಗಿಯಿತೋ ಇಲ್ಲವೋ, ಆಜ್ಞೆ ಹೊರಡಿಸಿದಳು.

"ಅನಘಂಗೆ ಯಾರೂ ಬಾಯಿ ಬಿಡಕೂಡದು. ಏಪ್ರಿಲ್‌ನಲ್ಲಿ ಥೀಸಿಸ್ ಕೊಡ್ತಾಳೆ. ಅಲ್ಲೀವರೆಗೂ ನಂಗೇನೂ ಆಗಿಲ್ಲ. ಗೊತ್ತಾಯ್ತಾ?"

"ನಿಂಗೆ ತಲೆ ಕೆಟ್ಟಿದೆಯೇನೇ? ಅವಳೇನು ಸ್ಕೂಲ್ ಹುಡುಗೀನಾ?" ಎಂದೆ.

"ಗೊತ್ತಾದ್ರೆ ಎಲ್ಲಾ ಬಿಟ್ಟು ಓಡಿ ಬರ್ತಾಳೆ. ಅಷ್ಟು ವರ್ಷದ ಓದು ಮಣ್ಣುಪಾಲಾಗತ್ತೆ. ಮೇ ತಿಂಗಳಲ್ಲಿ ನಾವೇ ಅಲ್ಲಿಗೆ ಹೋಗ್ತೀವಲ್ಲ, ಅವಾಗ ನಾನೇ ಹೇಳ್ತೀನಿ."

ಪ್ರಕಾಶ್ ಹತ್ತಿರ ಕೈ ಮೇಲೆ ಕೈ ಹಾಕಿಸಿಕೊಂಡು ಮಾತು ತೆಗೆದುಕೊಂಡಳು. ನಾನು ಕೈ ಕೊಡಲಿಲ್ಲ. "ನೀನು ಕೊಡ್ದಿದ್ರೂ ಅಷ್ಟೆ, ನಿನ್ನ ಬಾಯಿ ನಂಗೊತ್ತು, ಜೋರು ಮಾತ್ರ," ಎಂದು ನಕ್ಕಳು. ಅದು ನಿಜವೂ ಆಗಿತ್ತು.

ಶನಿವಾರ ಬೆಳಿಗ್ಗೆ ಏಳಕ್ಕೆ ಅನಘಾಳ ವಿಡಿಯೋ ಕಾಲ್ ಬರುತ್ತಿತ್ತು. ಅಲ್ಲಿ ಮಧ್ಯಾಹ್ನ ಮೂರು. ಚಳಿಗಾಲ ಬಲಿತಂತೆ, ಇಲ್ಲಿ ಬೆಳಕು ಹರಿಯುವ ಮೊದಲೇ ಅಲ್ಲಿ ಮುಗಿಯುತ್ತಿತ್ತು. ಅಪ್ಪ ಅಮ್ಮ ಮೇ ತಿಂಗಳಲ್ಲಿ ಬರುತ್ತಾರೆ, ಬಂದಾಗ ಏನೇನು ನೋಡಬೇಕು, ಏನೇನು ಮಾಡಬೇಕು ಎಂದು ಈಗಲೇ ತೀರ್ಮಾನವಾಗಲಿ ಅನ್ನುವುದು ಅವಳ ಲೆಕ್ಕಾಚಾರ. ಹಾಗಾಗಿ ವಾರಕ್ಕೊಂದು ಜಾಗಕ್ಕೆ ಹೋಗಿ, ಗಾಳಿಯಲ್ಲಿ ಕೂದಲು ಹಾರಿಸಿಕೊಂಡು, ಫೋನ್ ತಿರುಗಿಸಿ ತಿರುಗಿಸಿ ತೋರಿಸುತ್ತಿದ್ದಳು.

ಆ ಒಂದು ಗಂಟೆಗಾಗಿ ನಾವು ಮಾಡುತ್ತಿದ್ದ ಸಿದ್ಧತೆ ಮದುವೆಮನೆಯದ್ದು. ನಾನು ಕತ್ತಲಲ್ಲೇ ರೇನ್‌ಕೋಟು ಹಾಕಿಕೊಂಡು ಹೋಗುತ್ತಿದ್ದೆ. ವತ್ಸಲಾಳ ಮುಖಕ್ಕೆ ಸ್ವಲ್ಪ ಪೌಡರು, ಕೆನ್ನೆಗೆ ಒಂದಿಷ್ಟು ಬಣ್ಣ, ದೊಡ್ಡ ಕುಂಕುಮ. ಕೀಮೋದಿಂದ ಕೂದಲು ಉದುರಲು ಶುರುವಾದ ಮೇಲೆ ಕಿವಿ ಮುಚ್ಚುವ ಉಣ್ಣೆ ಟೋಪಿ, ಮೇಲೆ ಶಾಲು. ಮನೆಯೊಳಗೆ ಯಾಕಮ್ಮ ಟೋಪಿ ಎಂದು ಅನಘಾ ಕೇಳಿದಾಗ ಪ್ರಕಾಶ್ ಬಾಯಿಂದ ಹೊರಬಿದ್ದ ಮಾತು, "ಹೀಟರ್ ಕೆಟ್ಟಿದೆ." ಅಷ್ಟೇ, ಆ ಚಳಿಗಾಲ ಪೂರ್ತಿ ಆ ಮನೆಯ ಹೀಟರ್ ಕೆಟ್ಟೇ ಇತ್ತು. ನಿಜಕ್ಕೂ ಆ ಮನೆ ಒಲೆಯ ಹಾಗೆ ಕಾದಿರುತ್ತಿತ್ತು. ವತ್ಸಲಾಳಿಗೆ ಎಷ್ಟು ಬಿಸಿ ಮಾಡಿದರೂ ಸಾಲದು. ನಾನು ಕ್ಯಾಮೆರಾದ ಆಚೆ ಬೆವರು ಒರೆಸಿಕೊಳ್ಳುತ್ತ ಗಂಜಿ ಹಿಡಿದು ನಿಂತಿದ್ದರೆ, ಫೋನಿನಲ್ಲಿ ಅನಘಾ ಬೈಯುತ್ತಿದ್ದಳು.

"ಅಪ್ಪಾ, ಎಷ್ಟು ವಾರ ಆಯ್ತು? ಇನ್ನೂ ರಿಪೇರಿ ಮಾಡಿಸಿಲ್ವಾ? ವಿಮಾನ ಮಾಡ್ತೀಯ, ಒಂದು ಹೀಟರ್ ಮಾಡಕ್ಕಾಗಲ್ವಾ ನಿಂಗೆ?"

"ಪಾರ್ಟ್ ಬರ್ಬೇಕು ಪುಟ್ಟಾ," ಎನ್ನುತ್ತಿದ್ದರು ಪ್ರಕಾಶ್.

ಮೊದಲು ತೋರಿಸಿದ್ದು ಬಂದರು. ಕೆಂಪು, ನೀಲಿ ದೋಣಿಗಳು, ಕಲ್ಲುಕಟ್ಟೆಯ ಮೇಲೆ ಸಾಲಾಗಿ ಪೇರಿಸಿಟ್ಟ ಏಡಿ ಹಿಡಿಯುವ ಬಲೆಬುಟ್ಟಿಗಳು, ತುದಿಯಲ್ಲಿ ಬಿಳಿಯ ದೀಪಸ್ತಂಭ. "ಪಾಚಿ ವಾಸನೆ ಅಂದ್ರೆ ಪಾಚಿ ವಾಸನೆ ಅಮ್ಮಾ, ಅದರ ಮೇಲೆ ಫಿಶ್ ಕರಿಯೋ ವಾಸನೆ, ನೀನು ಮೂಗು ಮುಚ್ಕೊಂಡೇ ಓಡಾಡ್ಬೇಕು," ಎಂದಳು. ವತ್ಸಲಾ, "ನಮಗೆ ತಿನ್ನೋಕೆ ಏನು ಸಿಗತ್ತೆ ಅಲ್ಲಿ?" ಎಂದು ಮುಖ್ಯ ಪ್ರಶ್ನೆಗೆ ಬಂದಳು. ದಪ್ಪದಪ್ಪ ಆಲೂಗಡ್ಡೆ ಕರಿದು ಉಪ್ಪು, ವಿನೆಗರ್ ಹಾಕಿ ಕೊಡುತ್ತಾರೆ ಎಂದು ಗೊತ್ತಾದ ಮೇಲೆ, "ಹಾಗಾದ್ರೆ ಚಟ್ನಿಪುಡಿ ತರ್ತೀನಿ, ಉದುರಿಸ್ಕೊಂಡು ತಿನ್ನೋಣ," ಎಂದಳು. ಅವತ್ತು ಅವಳ ಹೊಟ್ಟೆಯಲ್ಲಿ ಎರಡು ಚಮಚ ಗಂಜಿಯೂ ನಿಲ್ಲುತ್ತಿರಲಿಲ್ಲ.

ನವೆಂಬರಿನಲ್ಲಿ ಒಂದು ದೊಡ್ಡ ಗಾಳಿ ಬಂತು. ನಮ್ಮ ಕಡೆಯ ಫರ್ ಮರಗಳಿಗೆ ಎತ್ತರವೇ ಶತ್ರು. ಒಂದರ ಮೇಲೊಂದು ವಿದ್ಯುತ್ ತಂತಿಗಳ ಮೇಲೆ ಬಿದ್ದು ಊರಿಗೆ ಊರೇ ಕತ್ತಲಾಯಿತು. ಅದೇ ವಾರ ವತ್ಸಲಾ ಜ್ವರ ಏರಿ ಆಸ್ಪತ್ರೆ ಸೇರಿದ್ದಳು. ಶನಿವಾರ ಅಮ್ಮನ ಫೋನ್ ಎತ್ತುವವರಿಲ್ಲ, ಅಪ್ಪನದೂ ಇಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತಿದ್ದಾಗ ಅನಘಾ ನನಗೆ ಮಾಡಿದಳು.

"ಲಲಿತಾಂಟಿ, ನಿಜ ಹೇಳಿ. ಎಲ್ಲಾ ಸರಿ ಇದೆ ತಾನೇ?"

ಹೇಳಿಬಿಡೋಣ ಅಂತ ಬಾಯಿ ತೆರೆದಿದ್ದೆ, ಆಣೆ ಮಾಡಿ ಹೇಳುತ್ತೇನೆ. ಎದುರಿಗೆ ಪ್ರಕಾಶ್ ಗೋಡೆಗೊರಗಿ ಕೂತಿದ್ದರು. ಮೂರು ದಿನದ ಗಡ್ಡ, ಮುದುರಿದ ಅಂಗಿ. ಬೇಡ ಎಂದು ತಲೆಯಾಡಿಸಿ ಎರಡೂ ಕೈ ಮುಗಿದರು. ಅಷ್ಟು ವಯಸ್ಸಿನ ಮನುಷ್ಯ ಕೈ ಮುಗಿದರೆ ಏನು ಮಾಡುವುದು?

"ಗಾಳಿ ಬಂದು ಕರೆಂಟ್ ಹೋಗಿದೆ ಕಣೇ. ಫೋನ್ ಚಾರ್ಜ್ ಇಲ್ಲ ಯಾರ್ಹತ್ರಾನೂ," ಎಂದೆ. ಸುಳ್ಳು ಹೇಳಬೇಕಾದ ದಿನ ದೇವರೇ ನಿಜವನ್ನು ಒದಗಿಸಿಕೊಟ್ಟಿದ್ದ. ಅವನ ಮೇಲೂ ನನಗೆ ಸಿಟ್ಟು ಬಂತು.

ಡಿಸೆಂಬರಿನಲ್ಲಿ ಒಂದು ಶನಿವಾರ ಅನಘಾ ಬಂಡೆಯ ಅಂಚಿನ ಕಾಲುದಾರಿಯಲ್ಲಿ ನಡೆಯುತ್ತ, ಸಮುದ್ರಕ್ಕೆ ಮುಖಮಾಡಿ ಹಾಕಿದ್ದ ಮರದ ಬೆಂಚುಗಳನ್ನು ತೋರಿಸಿದಳು. ಒಂದೊಂದಕ್ಕೂ ಸಣ್ಣ ಹಿತ್ತಾಳೆ ತಗಡು. "ಇಲ್ಲಿ ಯಾರಾದ್ರೂ ತೀರ್ಕೊಂಡ್ರೆ ಅವರ ಹೆಸರಲ್ಲಿ ಬೆಂಚ್ ಹಾಕಿಸ್ತಾರಮ್ಮಾ. ಈ ಅಜ್ಜಿಗೆ ಈ ಜಾಗ ತುಂಬಾ ಇಷ್ಟ ಇತ್ತಂತೆ."

ಪ್ರಕಾಶ್ ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟರು. ನಮ್ಮವರಿಗೆ ಸಾವಿನ ಮಾತೆಂದರೆ ಭಯ. ಆಡಿದರೆ ಅಸ್ತು ದೇವತೆಗಳು ಕೇಳಿಸಿಕೊಂಡು ಹಾಗೇ ಆಗಲಿ ಎಂದುಬಿಡುತ್ತಾರೆ ಎಂದು ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದವರು. ಆ ಮನೆಯಲ್ಲಿ ಕಾಯಿಲೆಯ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. "ಅದು" ಎನ್ನುತ್ತಿದ್ದರು, ಅಷ್ಟೇ. ವತ್ಸಲಾ ಮಾತ್ರ ಶಾಲು ಎಳೆದುಕೊಂಡು ನಿಧಾನವಾಗಿ ಹೇಳಿದಳು, "ಒಳ್ಳೆ ಪದ್ಧತಿ ಕಣೇ. ದಾರೀಲಿ ಹೋಗೋರು ಕೂತ್ಕೊಳ್ಳೋಕಾದ್ರೂ ಆಗತ್ತೆ."

ಆಮೇಲೆ ಅನಘಾ, ಕ್ರಿಸ್‌ಮಸ್ ರಜೆಗೆ ಬರುವುದಿಲ್ಲ, ಬರೆಯುವುದು ತುಂಬ ಇದೆ ಎಂದಳು. "ಬೇಡಮ್ಮಾ ಬೇಡ, ಬರೋದು ಬೇಡ, ನೀನು ಬರ್ಕೋ," ಎಂದು ವತ್ಸಲಾ ಎಷ್ಟು ಆತುರವಾಗಿ ಹೇಳಿದಳೆಂದರೆ ಆ ಹುಡುಗಿಯ ಮುಖ ಒಂದು ಕ್ಷಣ ಸಣ್ಣದಾಯಿತು. ಫೋನ್ ಇಟ್ಟ ಮೇಲೆ ವತ್ಸಲಾ ಕುಂಕುಮ ಅಳಿಸಿಹೋಗುವಷ್ಟು ಅತ್ತಳು. ಬರುತ್ತೇನೆ ಎಂದಿದ್ದರೆ ಏನು ಮಾಡುತ್ತಿದ್ದಳೋ, ಬರುವುದಿಲ್ಲ ಎಂದದ್ದಕ್ಕೆ ಅತ್ತಳು.

ಜನವರಿಯಲ್ಲಿ ಕೀಮೋ ನಿಲ್ಲಿಸಿದರು. ಕೆಲಸ ಮಾಡುತ್ತಿಲ್ಲ, ಇನ್ನು ನೋವಿಲ್ಲದ ಹಾಗೆ ನೋಡಿಕೊಳ್ಳೋಣ ಎಂದರು ಡಾಕ್ಟರ್. ನೆಟ್ಟಗೆ ಹೇಳುವ ಹೆಂಗಸು, ಕಣ್ಣು ತಪ್ಪಿಸಲಿಲ್ಲ. ವಾಪಸು ಬರುವಾಗ ನಾನೇ ಕಾರು ಓಡಿಸಿದ್ದು. ಮಳೆ ಎಂಥದ್ದು ಅಂದರೆ, ಸುರಿಯುವುದೂ ಇಲ್ಲ, ನಿಲ್ಲುವುದೂ ಇಲ್ಲ. ಇಲ್ಲಿಯ ಮಳೆಯೇ ಹಾಗೆ, ಒಂದು ಗುಡುಗು ಇಲ್ಲ, ಒಂದು ಮಿಂಚು ಇಲ್ಲ, ತಿಂಗಳುಗಟ್ಟಲೆ ಒದ್ದೆ ಬಟ್ಟೆಯ ಹಾಗೆ ಮುಖ ಒರೆಸುತ್ತಲೇ ಇರುತ್ತದೆ. ವತ್ಸಲಾ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಕೇಳಿದಳು, "ಲಲಿತಾ, ಬಂದರಿಗೆ ಹೋಗೋ ದಿನ ಆ ಹಸಿರು ಮೈಸೂರ್ ಸಿಲ್ಕ್ ಉಟ್ಕೊಳ್ಳಾ? ಗಾಳಿಗೆ ಹಾರಿಹೋಗತ್ತೋ ಏನೋ."

"ಪಿನ್ ಹಾಕ್ಕೋ," ಎಂದೆ.

ಅಲ್ಲಿಂದ ಅವಳ ಪ್ರವಾಸದ ಹುಚ್ಚು ಹೆಚ್ಚಾಯಿತು. ಮೊದಲ ದಿನ ಬಂದರು, ಸಂಜೆ ಐಸ್‌ಕ್ರೀಮು. ಮಾರನೇ ದಿನ ಹಳೇ ಪಾಳುಚರ್ಚು. ಗಾಳಿ ಇಲ್ಲದ ದಿನ ದೀಪಸ್ತಂಭದವರೆಗೆ ನಡಿಗೆ. ಮಳೆ ಬಂದರೆ ಕಾಸು ಹಾಕಿ ಆಡುವ ಯಂತ್ರಗಳ ಅಂಗಡಿ. ಹುಳಿಪುಡಿ, ಚಟ್ನಿಪುಡಿ ಮಾಡಿಸಿ, ಸೂಟ್‌ಕೇಸ್ ಹಾಸಿಗೆಯ ಪಕ್ಕಕ್ಕೇ ತರಿಸಿಕೊಂಡಳು. ಪ್ರಕಾಶ್ ಅದನ್ನು ಬಚ್ಚಲುಮನೆಯ ತೂಕದ ಯಂತ್ರದ ಮೇಲಿಟ್ಟು, "ಇನ್ನೂ ಹಿಡಿಯತ್ತೆ," ಎನ್ನುತ್ತಿದ್ದರು. ಗಂಡ ಹೆಂಡತಿ ಇಬ್ಬರಿಗೂ ಗೊತ್ತು, ಹೋಗುವುದಿಲ್ಲ ಎಂದು. ಇಬ್ಬರೂ ಸೀರೆ ಮಡಚುತ್ತಿದ್ದರು. ನೋಡಲಾಗದೆ ನಾನು ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದೆ.

ಫೆಬ್ರವರಿಯಲ್ಲಿ ಅನಘಾ ಕಡಲಿನ ಅಂಚಿನಲ್ಲಿ ಕಲ್ಲು ಕಟ್ಟಿ ಮಾಡಿದ ಈಜುಕೊಳ ತೋರಿಸಿದಳು. ಸಮುದ್ರ ಉಕ್ಕಿದಾಗ ತುಂಬಿಕೊಳ್ಳುವ ಕೊಳ. ಆ ಕೊರೆಯುವ ಚಳಿಯಲ್ಲಿ ಅಜ್ಜಿಯರು, ತಲೆಗೆ ಬಣ್ಣದ ಟೋಪಿ ಹಾಕಿಕೊಂಡು, ಕಿರುಚುತ್ತ ನಗುತ್ತ ನೀರಿಗಿಳಿಯುತ್ತಿದ್ದರು. ಅನಘಾ ಅವರಲ್ಲೊಬ್ಬಳಿಗೆ ಫೋನ್ ತೋರಿಸಿದಾಗ ಆ ಮುದುಕಿ ಕೈಬೀಸಿ ಕರೆದಳು. ವತ್ಸಲಾ ನಕ್ಕಳು. ಆ ಚಳಿಗಾಲದಲ್ಲಿ ಅವಳು ಮನಸಾರೆ ನಕ್ಕದ್ದು ಅದೊಂದೇ ಸಲ. "ನೋಡೇ ಲಲಿತಾ, ನನ್ನ ಹಾಗೇ ಟೋಪಿ! ನಾವೂ ಇಳಿಯೋಣ ಕಣೇ, ಆಗಿದ್ದಾಗ್ಲಿ."

ಅವತ್ತು ಫೋನ್ ಇಟ್ಟ ಮೇಲೆ ವತ್ಸಲಾಳ ಕಾಲು ಒತ್ತುತ್ತ ಕೂತಿದ್ದೆ. ತಾನಾಗಿಯೇ ತನ್ನ ಅಪ್ಪನ ವಿಷಯ ತೆಗೆದಳು. ಬಿಎಸ್ಸಿ ಕೊನೇ ಪರೀಕ್ಷೆಯ ಹೊತ್ತಿನಲ್ಲಿ ಅವಳ ಅಪ್ಪ ಚಿಕ್ಕಮಗಳೂರಿನಲ್ಲಿ ತೀರಿಕೊಂಡಿದ್ದರು. ಮೈಸೂರಿನ ಹಾಸ್ಟೆಲಿನಲ್ಲಿದ್ದ ಅವಳಿಗೆ ಕೊನೇ ಪೇಪರ್ ಮುಗಿಯುವವರೆಗೆ ಯಾರೂ ಹೇಳಲಿಲ್ಲ. ಮುಗಿಸಿ ಬಸ್ಸಿಳಿದು ಮನೆಗೆ ಬಂದರೆ ಜಗಲಿಯಲ್ಲಿ ನೆಂಟರ ಚಪ್ಪಲಿಗಳು.

"ಎಲ್ರೂ ಹೇಳೋರು, ಫಸ್ಟ್ ಕ್ಲಾಸ್ ಬಂತಲ್ಲ, ಅಪ್ಪನ ಆಸೆ ತೀರ್ತು ಅಂತ. ಹೇಳಿದ್ರೆ ಏನಾಗ್ತಿತ್ತು? ಒಂದು ಪೇಪರ್ ಹೋಗ್ತಿತ್ತು. ಮತ್ತೆ ಬರೀಬಹುದಿತ್ತು ಕಣೇ. ಮುಖ ನೋಡ್ತಿದ್ದೆ."

ಅವಳ ಕಾಲು ಬಿಟ್ಟು ಎದ್ದು ನಿಂತೆ. "ಮತ್ತೆ ನೀನು ಮಾಡ್ತಿರೋದೇನೇ? ಈಗ್ಲೇ ಫೋನ್ ಕೊಡ್ತೀನಿ, ಹೇಳು ಅವಳಿಗೆ!"

ಅವಳ ಕೈ ಫೋನಿನ ತನಕ ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಮೇಲೆ ಕೈ ಹಿಂದೆ ತೆಗೆದುಕೊಂಡಳು. "ಏಪ್ರಿಲ್ ಇನ್ನೇನು ಬಂದೇಬಿಡ್ತು. ಅಲ್ಲೀವರೆಗೂ ಇರ್ತೀನಿ ಬಿಡು," ಎಂದಳು.

ಇರಲಿಲ್ಲ. ಮಾರ್ಚಿನಲ್ಲಿ, ನಮ್ಮ ಬೀದಿಯ ಚೆರ್ರಿ ಮರಗಳೆಲ್ಲ ಒಟ್ಟಿಗೆ ಹೂಬಿಟ್ಟಾಗ, ವತ್ಸಲಾ ದಿನದ ಬಹುಪಾಲು ನಿದ್ದೆಯಲ್ಲೇ ಇರುತ್ತಿದ್ದಳು. ಎರಡು ಶನಿವಾರ ಕ್ಯಾಮೆರಾ ಕೆಟ್ಟಿದೆ ಎಂದು ಬರೀ ದನಿ ಕೇಳಿಸಿದೆವು. ಎರಡನೆಯದರಲ್ಲಿ ಅವಳು, "ಹೂಂ ಪುಟ್ಟಾ," ಎಂದದ್ದು ಬಿಟ್ಟರೆ ಬೇರೇನೂ ಆಡಲಾಗಲಿಲ್ಲ. ಅನಘಾ ಆ ಕಡೆಯಿಂದ ಅಲೆಗಳ ಸದ್ದು ಕೇಳಿಸುತ್ತಿದ್ದಳು. ಫೋನ್ ಇಟ್ಟದ್ದೇ ನಾನು ಪ್ರಕಾಶ್‌ರನ್ನು ಗರಾಜಿಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದೆ.

"ಇನ್ನೊಂದು ದಿನ ಸುಮ್ನಿದ್ರೆ ನಾನೇ ಹೇಳ್ತೀನಿ. ನಿಮ್ಮ ಮಾತು ನೀವೇ ಇಟ್ಕೊಳ್ಳಿ. ಆ ಮಗು ನಿಮ್ಮನ್ನ ಜನ್ಮದಲ್ಲಿ ಕ್ಷಮಿಸಲ್ಲ!"

"ಮಾತು ಕೊಟ್ಟಿದೀನಿ ಲಲಿತಾ ಅವರೇ," ಎಂದು ಆ ಮನುಷ್ಯ ಕಾರಿನ ಬಾನೆಟ್ಟಿನ ಮೇಲೆ ತಲೆಯಿಟ್ಟು ಮಗುವಿನಂತೆ ಅತ್ತರು. "ಅವಳು ಕೇಳಿದ್ದು ಅದೊಂದೇ." ಆದರೂ ಮಾರನೇ ದಿನ ಬೆಳಿಗ್ಗೆ ಅವರೇ ಫೋನ್ ಮಾಡಿದರು. ಅನಘಾ ಸಿಕ್ಕಿದ ಮೊದಲ ವಿಮಾನ ಹತ್ತಿದಳು. ಅವಳಿನ್ನೂ ಸಮುದ್ರದ ಮೇಲಿರುವಾಗ, ಮರುದಿನ ಮಧ್ಯಾಹ್ನ, ಮಳೆ ನಿಂತು ಸ್ವಲ್ಪ ಬಿಸಿಲು ಬಂದ ಹೊತ್ತಿನಲ್ಲಿ ವತ್ಸಲಾ ಹೋದಳು.

ಏರ್‌ಪೋರ್ಟಿಗೆ ನಾನು ಹೋದೆ. ನನ್ನ ಮುಖ ನೋಡಿದ್ದೇ ಅನಘಾಳಿಗೆ ಗೊತ್ತಾಯಿತು. ಅಳಲಿಲ್ಲ. ಹೆಗಲ ಚೀಲ ಕೆಳಗಿಟ್ಟು, ಜನ ಓಡಾಡುವ ದಾರಿಯಲ್ಲೇ ಕೂತುಬಿಟ್ಟಳು. ಬಾಥೆಲ್ ತಲುಪುವವರೆಗೆ ಅವಳು ಕೇಳಿದ್ದು ಒಂದೇ, "ಯಾವಾಗಿಂದ ಆಂಟಿ?" ಅಕ್ಟೋಬರ್ ಎಂದೆ. ಮನೆಯೊಳಗೆ ಕಾಲಿಟ್ಟಾಗ ಒಳಗಿನ ಸೆಕೆ ಮುಖಕ್ಕೆ ಬಡಿಯಿತು. ಅವಳು ಅಪ್ಪನನ್ನೊಮ್ಮೆ ನೋಡಿ, ಅಮ್ಮನ ಕೋಣೆಗೆ ಹೋದಳು.

ಕ್ರಿಯೆಗಳೆಲ್ಲ ಮುಗಿದವು. ದೇವಸ್ಥಾನದ ಪುರೋಹಿತರು ಬಂದು ಮಾಡಿಸಿದರು. ವೈಕುಂಠ ಸಮಾರಾಧನೆಯ ಊಟಕ್ಕೆ ನಮ್ಮ ಕನ್ನಡದವರೆಲ್ಲ ಸೇರಿದ್ದರು. ಬಂದವರಿಗೆಲ್ಲ ಪ್ರಕಾಶ್ ಒಂದೇ ಮಾತು ಹೇಳುತ್ತಿದ್ದರು: "ಕೊನೇವರೆಗೂ ಮಗಳ ಓದೇ ಅವಳ ತಲೇಲಿ ಇದ್ದಿದ್ದು. ಅದಕ್ಕೆ ಭಂಗ ಬರ್ಲಿಲ್ಲ. ಅದೊಂದೇ ಸಮಾಧಾನ." ಬಂದವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ವತ್ಸಲಾ ಎಂಥ ಗಟ್ಟಿಗಿತ್ತಿ ಎಂದು ಹೆಂಗಸರು ಕಣ್ಣೊರೆಸಿಕೊಂಡರು.

ಎಲ್ಲರೂ ಹೋದ ಮೇಲೆ ನಾನು ಪಾತ್ರೆ ತೊಳೆಯುತ್ತಿದ್ದೆ, ಅನಘಾ ಒರೆಸಿಡುತ್ತಿದ್ದಳು. ಪ್ರಕಾಶ್ ಹಾಲ್‌ನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಅವಳು ಒಂದು ತಟ್ಟೆಯನ್ನು ಎಷ್ಟೋ ಹೊತ್ತು ಒರೆಸಿದಳು.

"ಆಂಟಿ, ಥೀಸಿಸ್ ಏಪ್ರಿಲ್‌ಗೆ ಇರ್ಲಿಲ್ಲ."

ನನಗೆ ಅರ್ಥವಾಗಲಿಲ್ಲ. "ಅಂದ್ರೆ?"

"ಒಂದು ವರ್ಷ ಮುಂದೆ ಹೋಗಿತ್ತು. ಹಿಂದಿನ ಬೇಸಿಗೇಲಿ ಗೂಡಲ್ಲಿ ತುಂಬಾ ಹಕ್ಕಿಗಳು ಸತ್ತುಹೋದ್ವು. ಇನ್ನೊಂದು ಸೀಸನ್ ನೋಡ್ದೆ ಬರೆಯೋಕಾಗಲ್ಲ ಅಂತ ಗೈಡ್ ಹೇಳಿದ್ರು. ಅಕ್ಟೋಬರ್‌ನಲ್ಲೇ. ಅಮ್ಮಂಗೆ ಹೇಳಿದ್ರೆ ಒದ್ದಾಡಿಬಿಡ್ತಾಳೆ, ಅವಳ ಬಿಪಿ ಏರತ್ತೆ ಅಂತ ನಾನು ಹೇಳ್ಲಿಲ್ಲ. ಮೇ ತಿಂಗಳಲ್ಲಿ ಬಂದಾಗ ಎದುರಿಗೇ ಹೇಳೋಣ ಅಂತಿದ್ದೆ."

ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತಿದ್ದೆ. ಅವಳು ತಗ್ಗಿದ ದನಿಯಲ್ಲಿ ಹೇಳುತ್ತಲೇ ಹೋದಳು.

"ಕ್ರಿಸ್‌ಮಸ್‌ಗೂ ಅದಕ್ಕೇ ಬರ್ಲಿಲ್ಲ. ಬಂದ್ರೆ ಮುಖ ನೋಡಿ ಕಂಡುಹಿಡೀತಾಳೆ ಅಂತ. ಆ ಚಳಿಗಾಲ ಪೂರ್ತಿ ನಂಗೇನೂ ಕೆಲಸ ಇರ್ಲಿಲ್ಲ ಆಂಟಿ. ಹಕ್ಕಿಗಳು ವಾಪಸ್ ಬರೋವರೆಗೂ ಏನಿರತ್ತೆ ಅಲ್ಲಿ? ಶನಿವಾರ ಅಮ್ಮಂಗೆ ಏನು ತೋರಿಸೋದು ಅಂತ ಹುಡುಕ್ಕೊಂಡು ವಾರವೆಲ್ಲ ಒಬ್ಬಳೇ ಊರು ಸುತ್ತುತ್ತಿದ್ದೆ."

ಸೋಪಿನ ಕೈಯಲ್ಲೇ ಅವಳನ್ನು ಹಿಡಿದುಕೊಂಡೆ. ಅವಳು ನನ್ನ ಹೆಗಲಿಂದ ತಲೆಯೆತ್ತಿ, ಹಾಲ್ ಕಡೆ ನೋಡಿ, ಪಿಸುಗುಟ್ಟಿದಳು.

"ಅಪ್ಪಂಗೆ ಮಾತ್ರ ಹೇಳ್ಬೇಡಿ. ಅವನು ತಡ್ಕೊಳಲ್ಲ."

ಅವಳು ಹಕ್ಕಿಗಳ ಸಮಯಕ್ಕೆ ಆ ಊರಿಗೆ ವಾಪಸು ಹೋದಳು. ಪ್ರಕಾಶ್ ಒಬ್ಬರೇ ಇದ್ದಾರೆ. ಆಗಾಗ ಹುಳಿಯೋ ಪಲ್ಯವೋ ತೆಗೆದುಕೊಂಡು ಹೋಗಿ ಕೊಟ್ಟು ಬರುತ್ತೇನೆ. ಪ್ರತಿಸಲವೂ ಬಾಗಿಲ ತನಕ ಬಂದು ಅದನ್ನೇ ಹೇಳುತ್ತಾರೆ. "ಕಷ್ಟಪಟ್ಟಿದ್ದು ದಂಡ ಆಗ್ಲಿಲ್ಲ, ಅಲ್ವಾ ಲಲಿತಾ ಅವರೇ? ಅವಳ ಓದು ಕೆಡ್ಲಿಲ್ಲ."

"ಹೌದು ಪ್ರಕಾಶ್," ಎನ್ನುತ್ತೇನೆ. "ಕೆಡ್ಲಿಲ್ಲ."